ಅಣ್ಣ ಉದ್ಧಾರ ಮಾಡಿದ ಕೋವಿ

ಕ್ರಿಸ್‌ಮಸ್ ಊಟದ ಮೇಜಿನ ಮೇಲೆ ಅಣ್ಣ ಗ್ಲೆನ್ ಆ ಉದ್ದನೆಯ ಪೊಟ್ಟಣ ಇಟ್ಟಾಗಲೇ ಒಳಗಿರುವುದು ತನ್ನ ಕೋವಿ ಎಂದು ಲೆಟಾಗೆ ಗೊತ್ತಾಯಿತು. ತಿಂಗಳ ಹಿಂದೆ ಬಂದಿದ್ದ ಅವನು, ಹೆಗಲಿಗೆ ಹಾಕಿಕೊಳ್ಳಲು ಚರ್ಮದ ಪಟ್ಟಿ ಹೊಲಿಸಿ ತರುತ್ತೇನೆಂದು ಅದನ್ನು ತಾನಿರುವ ಒಹಾಯೊಗೆ ಹೊತ್ತೊಯ್ದಿದ್ದ. ಬೇಡವೆಂದರೂ ಕೇಳಿರಲಿಲ್ಲ. ನಾಳೆ ಬೆಳಗಾದರೆ ಪೆನ್ಸಿಲ್ವೇನಿಯದ ಗುಡ್ಡಗಳಲ್ಲಿ ಚಕಮಕಿ ಬೇಟೆ ಶುರು, ಚಕಮಕಿ ಕಲ್ಲಿನ ಹಳೇ ಕಾಲದ ಕೋವಿಗಷ್ಟೇ ಅವಕಾಶ. ಸದ್ಯ, ಇವತ್ತಾದರೂ ತಂದನಲ್ಲ ಎಂದುಕೊಂಡು ಅವಳು ಕಾಗದ ಹರಿದಳು.

ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯುವ ಕುದುರೆ ಮಾಯವಾಗಿತ್ತು. ಕಿಡಿ ಬೀಳುವ ಮದ್ದಿನ ಬಟ್ಟಲೂ ಇಲ್ಲ. ಆ ಜಾಗದಲ್ಲಿ ಮೊಂಡು ಸುತ್ತಿಗೆಯಂಥ ಹೊಸ ಕುದುರೆ, ನಳಿಗೆಯ ಪಕ್ಕಕ್ಕೆ ತಿರುಪಿ ಕೂರಿಸಿದ, ಕೇಪು ಎಂಬ ಸಿಡಿಮದ್ದಿನ ಪುಟ್ಟ ಟೋಪಿ ಸಿಕ್ಕಿಸುವ ಮೊಳೆ.

"ಹೆಂಗೆ?" ಗ್ಲೆನ್ ಎದೆ ಉಬ್ಬಿಸಿದ. "ಕೇಪಿನ ಕೋವಿ ಮಾಡ್ಸಿದೀನಿ ಕಣೇ. ನಿನ್ನ ಟುಸ್ ಪಟಾಕಿ ಕಥೆ ಇವತ್ತಿಗೆ ಮುಗೀತು."

ಟುಸ್ ಪಟಾಕಿ ಎಂದು ಹೆಸರಿಟ್ಟವನೂ ಇವನೇ. ಹೋದ ವರ್ಷ ಕೊಂಬಿನ ಜಿಂಕೆ ಕಣ್ಣೆದುರೇ ನಿಂತಿದ್ದಾಗ ಬಟ್ಟಲಿನ ಮದ್ದು ಭಗ್ಗೆಂದು ಹೊತ್ತಿತ್ತು, ನಳಿಗೆಯೊಳಗಿನ ಮದ್ದು ಹೊತ್ತಿರಲಿಲ್ಲ. ಅಗ್ಗದ ಕಿಟ್‌ನಲ್ಲಿ ಬಿಡಿಬಿಡಿಯಾಗಿ ಬಂದ ಕೋವಿ ಅಲ್ಲವೇ, ಕೈಕೊಟ್ಟಿತ್ತು. ಆಮೇಲೆ ವರ್ಷವಿಡೀ ಲೆಟಾ ಅದರ ಬೆನ್ನು ಬಿಡಲಿಲ್ಲ. ಸ್ಕೂಲಿನ ಅಡುಗೆಮನೆಯಲ್ಲಿ ಪಾತ್ರೆಗಳ ಜೊತೆ ಗುದ್ದಾಡಿ ಬಂದು, ಒರಟು ಮರವನ್ನು ತನ್ನ ಕೆನ್ನೆಗೆ ಕೂರುವವರೆಗೆ ಅರದಲ್ಲಿ ಉಜ್ಜಿದಳು. ಕಲ್ಲು ಬಡಿಯುವ ಮೆತ್ತನೆ ಉಕ್ಕನ್ನು ಕೆಂಪಗೆ ಕಾಯಿಸಿ, ಎಣ್ಣೆಗದ್ದಿ ಗಟ್ಟಿ ಮಾಡಿದಳು. ಬೆಂಕಿ ಒಳನುಗ್ಗುವ ಸೂಜಿಗಾತ್ರದ ತೂತನ್ನು ಹದ ಮಾಡಿದಳು. ಎಲೆ ಉದುರುವ ಹೊತ್ತಿಗೆ ಕೋವಿ ತುಂತುರು ಮಳೆಯಲ್ಲೂ ಸಿಡಿಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ್ದನ್ನು ನಾಳೆ ಕೋವಿಯೇ ಹೇಳಲಿ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

"ನಾಳೆ ಬೇಟೆಗೆ ಇದನ್ನ ಒಯ್ಯೋ ಹಾಗಿಲ್ಲ," ಎಂದಳು. "ಚಕಮಕಿ ಬೇಟೇಲಿ ಕೇಪಿನ ಕೋವಿ ಹಿಡ್ಕೊಂಡು ಹೋದ್ರೆ ಕೇಸ್ ಹಾಕ್ತಾರೆ."

"ಒಹಾಯೊದಲ್ಲಿ ನಡಿಯುತ್ತಪ್ಪ."

"ನಾನು ಒಹಾಯೊದಲ್ಲಿ ಇದೀನೇನೋ?"

"ಆ ಕಾಲದ ರೂಲ್ಸು ಇನ್ನೂ ಇದೆಯಾ?" ಗ್ಲೆನ್ ನಕ್ಕ. "ಸರಿ ಬಿಡು, ಹಳೆ ಸಾಮಾನು ಟ್ರಕ್ಕಲ್ಲೇ ಇದೆ. ವಾಪಸ್ ಹಾಕಿದ್ರಾಯ್ತು."

"ತೂತು ಕೊರೆಸಿದೀಯಲ್ಲ, ಅದನ್ನೂ ವಾಪಸ್ ಹಾಕ್ತೀಯಾ?"

ಕೇಪಿನ ಮೊಳೆ ಕೂರಿಸಲು ಆ ಸೂಜಿತೂತನ್ನು ಪೆನ್ಸಿಲ್ ತೂರುವಷ್ಟು ಅಗಲ ಮಾಡಿಸಿದ್ದ ಪುಣ್ಯಾತ್ಮ. ಅದಕ್ಕೆ ಹೊಸ ತಿರುಪು ಮಾಡಿ ತುಂಬಬಹುದು, ಆದರೆ ಬೆಳಗಾಗುವುದರೊಳಗೆ ಸಾಧ್ಯವೇ ಇಲ್ಲ. ಲೆಟಾಗೆ ಮೈಯೆಲ್ಲ ಉರಿದುಹೋಯಿತು.

"ಹಬ್ಬದ ದಿನ ಯಾಕೆ ರಂಪ?" ಅಮ್ಮ ನಡುವೆ ಬಂದಳು. "ಒಡಹುಟ್ಟಿದೋನು, ಪ್ರೀತಿಯಿಂದ ಮಾಡಿದಾನೆ. ಒಂದು ಥ್ಯಾಂಕ್ಸ್ ಅಂದ್ಬಿಡು, ನಿನ್ನ ಗಂಟೇನು ಹೋಗತ್ತೆ?"

ಹೋಗುವ ಗಂಟು ಹೋಗಿಯಾಗಿತ್ತು. ಲೆಟಾ ಒಳಗಿಂದ ಸ್ಕ್ರೂಡ್ರೈವರ್ ಮತ್ತು ಸ್ಪ್ಯಾನರ್ ತಂದಳು. ಎಲ್ಲರೆದುರು ಹೊಸ ಕುದುರೆ ಬಿಚ್ಚಿದಳು, ಮೊಳೆ ತಿರುಪಿ ತೆಗೆದಳು, ಎರಡನ್ನೂ ಅಣ್ಣನ ತಟ್ಟೆಗೆ ಹಾಕಿದಳು.

"ಇದು ನಿಂದು. ಉಳಿದಿದ್ದು ನಂದು."

ಗ್ಲೆನ್‌ನ ಮುಖ ಕೆಂಪಾಯಿತು. "ಹೋದ ವರ್ಷ ಇಲ್ಲೇ ಕೂತು ಅತ್ತಿದ್ಯಲ್ಲೇ! ನೋಡಕ್ಕಾಗ್ದೆ ಮಾಡ್ಸಿದೆ."

"ಅತ್ತೆ, ಇಲ್ಲ ಅನ್ನಲ್ಲ. ಸರಿಮಾಡ್ಕೊಡು ಅಂತ ನಿನ್ನ ಕೇಳಿದ್ನಾ?"

ಅವನು ತಟ್ಟೆಯಲ್ಲಿದ್ದ ಕುದುರೆ, ಮೊಳೆ ಎತ್ತಿ ಜೇಬಿಗೆ ಹಾಕಿಕೊಂಡ. ಅಮ್ಮ ಥ್ಯಾಂಕ್ಸಿನ ಮಾತನ್ನು ಮತ್ತೆ ಎತ್ತಲಿಲ್ಲ.

"ಬೆಳಿಗ್ಗೆ ಎದ್ದು ಊರಿಗೆ ಓಡಬೇಡ," ಎಂದಳು ಲೆಟಾ. "ನನ್ ಜೊತೆ ಕೂತ್ಕೊಂಡು ಕಾಫಿ ಕುಡಿ."

ಅವನು ಓಡಲಿಲ್ಲ. ಬೆಳಿಗ್ಗೆ ಇಬ್ಬರೂ ಅಡುಗೆಮನೆಯಲ್ಲಿ ಎದುರುಬದುರು ಕೂತಿದ್ದರು. ಬಿಸಿಲು ಬೀಳುತ್ತಿದ್ದಂತೆ ಹಿಂದಿನ ಗುಡ್ಡದಲ್ಲಿ ಯಾರದೋ ಚಕಮಕಿ ಕೋವಿ ಢಂ ಎಂದಿತು.

"ಕೇಳಿಸ್ತಾ? ನಂದೂ ಇವತ್ತು ಹಿಂಗೇ ಸಿಡೀತಿತ್ತು."

ಗ್ಲೆನ್ ಲೋಟ ಕೆಳಗಿಟ್ಟ. "ಕೇಳಿಸ್ತು."