ಪ್ಯಾರಾಪೆಟ್ಟಿನ ಹಿಂದೆ

೧೯೫೮ನೆಯ ಏಪ್ರಿಲ್ ಹತ್ತೊಂಬತ್ತು, ಶನಿವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ಥಾರ್ನ್‌ಕೋಟ್ ಬಂಗಲೆಯ ಹಜಾರದಲ್ಲಿ ಯಜಮಾನ ಸರ್ ಹ್ಯೂ ಅರ್ಧ ಬರೆದ ನಕ್ಷೆಯ ಮೇಲೆ ಬೆರಳಿಟ್ಟರು.

"ಅಟ್ಟ ಬೇಡ, ಮಿಸ್ ಬರ್ಕೆಟ್. ಮುಂದಿನಿಂದ ನೋಡಿದ್ರೆ ಅಲ್ಲೊಂದು ಮಹಡಿ ಇದೆ ಅಂತಲೇ ಗೊತ್ತಾಗಲ್ಲ. ಅದೇ ಈ ಮನೆಯ ಚೆಂದ."

ಬೇಸಿಗೆಗೆ ಬಂಗಲೆ ಪ್ರವಾಸಿಗರಿಗೆ ತೆರೆಯಲಿತ್ತು. ಅವರ ಕೈಪುಸ್ತಕಕ್ಕೆ ಮನೆಯನ್ನು ಸೀಳಿ ತೋರಿಸುವ ನಕ್ಷೆ ಬರೆಯುವುದು ಜೋನ್ ಬರ್ಕೆಟ್‌ಳ ಕೆಲಸ. ಟೇಪಿನ ಇನ್ನೊಂದು ತುದಿ ಹಿಡಿಯಲು ಬಂದಿದ್ದವಳು ಅವಳ ದೊಡ್ಡಮ್ಮ ನೆಲ್. ಒಂದು ಕಾಲದಲ್ಲಿ ಇದೇ ಮನೆಯ ಕೆಲಸದಾಳು.

"ಚೆಂದವಂತೆ!" ಎಂದಳು ನೆಲ್. "ಆ ಚೆಂದದ ಹಿಂದೇನೇ ನನ್ನ ತಂಗಿ ಸತ್ತದ್ದು, ಸರ್ ಹ್ಯೂ."

"ಆ ಹುಡುಗಿ ಎದೆ ಮೊದಲೇ ಕೆಟ್ಟಿತ್ತು, ನೆಲ್. ನಮ್ಮಮ್ಮ ಹೇಳ್ತಿದ್ರು."

"ನಿಮ್ಮಮ್ಮ ಒಂದು ದಿನ ಮೇಲೆ ಹತ್ತಿ ನೋಡಿದ್ರಾ?"

ಸರ್ ಹ್ಯೂ ಜೋನ್ ಕಡೆ ತಿರುಗಿದರು. "ಅಟ್ಟ ಬರೆದ್ರೆ ಬೇರೆಯವರನ್ನ ಕರೆಸಬೇಕಾಗುತ್ತೆ," ಎಂದು ಹೇಳಿ ನಾಯಿಗಳನ್ನು ಕರೆದುಕೊಂಡು ಹೊರಟೇಹೋದರು.

ಜೋನ್ ಹಿಂದಿನ ಮೆಟ್ಟಿಲು ಹತ್ತಿದಳು. ನೆಲ್ ಏದುಸಿರು ಬಿಡುತ್ತ ಹಿಂದೆ ಬಂದಳು.

ಮೇಲಿನ ಕೋಣೆಯಲ್ಲಿ ಎರಡು ಕಬ್ಬಿಣದ ಮಂಚ, ಒಂದು ಕಿಟಕಿ. ಕಿಟಕಿಯ ಆಚೆ ಬರೀ ಕಲ್ಲು. ಆಳುಗಳ ಕಿಟಕಿಗಳು ಮನೆಯ ಮೇಲಂಚಿನ ರೇಖೆಯನ್ನು ಕೆಡಿಸಬಾರದೆಂದು ಇನ್ನೂರು ವರ್ಷದ ಹಿಂದಿನ ವಾಸ್ತುಶಿಲ್ಪಿ ಚಾವಣಿಯ ಸುತ್ತಣ ಪ್ಯಾರಾಪೆಟ್ ಗೋಡೆಯನ್ನು ಅವುಗಳ ನೆತ್ತಿಗಿಂತ ಮೇಲಕ್ಕೆ ಎಬ್ಬಿಸಿದ್ದ. ಅದರ ಮೇಲೆ ಸಾಲಾಗಿ ಕಲ್ಲಿನ ಹೂದಾನಿಗಳು. ಜೋನ್ ಕಿಟಕಿಯ ಬಾಗಿಲು ತಳ್ಳಿದಳು. ಅರ್ಧ ತೆರೆಯುವಷ್ಟರಲ್ಲಿ ಕಲ್ಲಿಗೆ ಬಡಿಯಿತು.

"ತಂಗಿ ಮಾಡ್ ತನ್ನ ಮಂಚಾನ ಇಲ್ಲಿಗೆ ಎಳಕೊಂಡಿದ್ಲು, ಗಾಳಿ ಬೇಕು ಅಂತ," ಎಂದಳು ನೆಲ್. "ಪೆದ್ದಿ! ಗಾಳಿ ಎಲ್ಲಿಂದ ಬರ್ಬೇಕು? ಕೆಳಗೆ ಹುಲ್ಲಿನ ಮೇಲೆ ಅವರು ಟೀ ಕುಡಿಯೋ ಕಪ್ಪಿನ ಸದ್ದು ಮಾತ್ರ ಬರ್ತಿತ್ತು. ಹದಿನಾರು ವರ್ಷ ಅವಳಿಗೆ. ಕೆಮ್ಮಬೇಡ, ಕೆಳಗೆ ಕೇಳಿಸುತ್ತೆ ಅಂತ ನಾನೇ ಬೈತಿದ್ದೆ."

ಜೋನ್ ಟೇಪಿನ ತುದಿ ಚಾಚಿದಳು. "ಹಿಡಿ ದೊಡ್ಡಮ್ಮ. ಚೌಕಟ್ಟಿಗೆ ಒತ್ತಿ ಹಿಡಿ."

"ಕೆಲಸ ಹೋಗುತ್ತೆ ಕಣೇ."

"ಹಾಳಾಗಿ ಹೋಗ್ಲಿ."

ಅವಳು ಸಂದಿಯಲ್ಲಿ ಕೈ ತೂರಿಸಿದಳು. ಬೆರಳ ಗಂಟು ತರಚಿತು. ಟೇಪನ್ನು ಎರಡು ಸಲ ಓದಿದಳು. ಮಂಚದ ಮೇಲೆ ನಕ್ಷೆ ಹರಡಿ, ಪೆನ್ಸಿಲ್ ಬದಿಗಿಟ್ಟು, ಶಾಯಿಯಲ್ಲೇ ಕಿಟಕಿ ಬರೆದಳು, ಗೋಡೆ ಬರೆದಳು, ನಡುವೆ ಅಳತೆ ಬರೆದಳು. ಹದಿಮೂರೂವರೆ ಇಂಚು.