ಯಜಮಾನರ ಮುಖ ಕಾಣಬೇಕಂತೆ

ಸೋಲಾರ್ ಹಾಕಿಸೋಣ ಅಂದವನು ರಾಜಶೇಖರ್. ಈಗ ಬೇಡ ಅಂದವಳು ಅವನ ಹೆಂಡತಿ ಶಿವಲೀಲಾ.

ಹಾನುಬಾಳಿನಿಂದ ಸ್ವಲ್ಪ ಒಳಗೆ, ಗುಡ್ಡದ ಮಗ್ಗುಲು ಕಡಿದು ಸಮ ಮಾಡಿದ ಜಾಗದಲ್ಲಿ ಅವರ ಮನೆ. ಮುಂಭಾಗಕ್ಕೆ ಹೆಂಚು, ಹಿಂದಿನ ಅಡುಗೆಮನೆ ಮತ್ತು ಬಚ್ಚಲಿಗೆ ತಾರಸಿ. ಮನೆಯ ಬೆನ್ನಿಗೇ ಕಾಫಿ ತೋಟ ಏರಿಕೊಂಡು ಹೋಗುತ್ತದೆ. ಹಿಂದೆಲ್ಲ ಸ್ನಾನದ ನೀರಿಗೆ ಒಲೆ ಉರಿಸುತ್ತಿದ್ದರು. ಸೌದೆ ಒಡೆಯುವುದು ರಾಜಶೇಖರನ ಕೆಲಸವಾಗಿತ್ತು. ಎರಡು ಮಳೆಗಾಲದ ಹಿಂದೆ, ಮಳೆ ಹಿಡಿಯುವ ಮೊದಲು ಕಾಫಿ ಸ್ಟೋರಿನ ಒಡೆದ ಶೀಟು ಬದಲಾಯಿಸಲು ಹತ್ತಿದವನು ಪಾಚಿಯ ಮೇಲೆ ಕಾಲು ಜಾರಿ ಬಿದ್ದ. ತೊಡೆಯ ಮೂಳೆ ಮುರಿಯಿತು. ಹಾಸನದಲ್ಲಿ ಆಪರೇಷನ್ ಮಾಡಿ ಒಳಗೆ ರಾಡ್ ಹಾಕಿದರು. ತಿಂಗಳುಗಟ್ಟಲೆ ಹಾಸಿಗೆಯ ಮೇಲೇ ಇದ್ದ.

ಅವನ ಆರೈಕೆ, ಎರಡು ಹಸು, ತೋಟ ಎಲ್ಲವನ್ನೂ ಒಬ್ಬಳೇ ನೋಡಿಕೊಂಡ ಶಿವಲೀಲಾಗೆ ಸೌದೆ ಒಡೆಯಲು ಕೈ ಬಿಡುವಿರಲಿಲ್ಲ. ಮನೆಗೆ ಗೀಸರ್ ಬಂತು. ಕಾಲಿಗೆ ಶಾಖ ಕೊಡಲು ಹೀಟರ್ ಬಂತು. ಕರೆಂಟಿನ ಬಳಕೆ ಸರ್ಕಾರ ಪುಕ್ಕಟೆ ಕೊಡುವ ಮಿತಿಯನ್ನು ದಾಟಿತು. ಮಿತಿ ದಾಟಿದರೆ ಪೂರ್ತಿ ಬಿಲ್ಲು ಕೈಯಿಂದಲೇ ಕಟ್ಟಬೇಕು. ರಾಜಶೇಖರ್ ಎದ್ದು ಓಡಾಡುವಂತಾದ ಮೇಲೂ ಬಿಲ್ಲು ಮಾತ್ರ ಇಳಿಯಲಿಲ್ಲ. ಆಗಲೇ ಅವನು ಸೋಲಾರಿನ ಮಾತು ಎತ್ತಿದ್ದು.

"ಸರ್ಕಾರ ಸಬ್ಸಿಡಿ ಕೊಡ್ತದೆ ಕಣೆ. ಮೊದಲು ನಾವು ಪೂರ್ತಿ ಹಾಕ್ಬೇಕು, ಆಮೇಲೆ ಅರ್ಧಕ್ಕರ್ಧ ನಮ್ಮ ಅಕೌಂಟಿಗೇ ವಾಪಸ್ ಬೀಳ್ತದೆ."

"ಮೊದಲು ಹಾಕೋಕೆ ಎಲ್ಲೈತೆ?"

"ಮೆಣಸಿನ ದುಡ್ಡು ಐತಲ್ಲ."

ಮೆಣಸಿನ ದುಡ್ಡು ಎತ್ತಿಟ್ಟದ್ದು ಅವನ ಕಾಲಿನ ರಾಡ್ ತೆಗೆಸಲು. ಚಳಿಗಾಲ ಕಳೆಯುವುದರೊಳಗೆ ತೆಗೆಸಿಬಿಡಿ ಅಂತ ಡಾಕ್ಟರು ಹೇಳಿದ್ದರು. ಅದಕ್ಕೆ ಮೊದಲೇ ಸಬ್ಸಿಡಿ ಬಂದೇ ಬರುತ್ತದೆ ಅಂತ ರಾಜಶೇಖರ್ ದಿನಾ ಹೇಳಿದ. ಹೇಳಿ ಹೇಳಿ ಒಪ್ಪಿಸಿದ.

ಸಕಲೇಶಪುರದಲ್ಲಿ ಸೋಲಾರ್ ಅಂಗಡಿ ಇಟ್ಟಿದ್ದ ಪ್ರದೀಪ್ ಎಂಬ ಹುಡುಗ ಹಿಂದಿನ ತಾರಸಿಯ ಮೇಲೆ ಪ್ಯಾನೆಲ್ ಕೂರಿಸಿಕೊಟ್ಟ. ತಾರಸಿಗೆ ಮೆಟ್ಟಿಲಿಲ್ಲ, ಕಬ್ಬಿಣದ ಏಣಿ ಒರಗಿಸಿ ಹತ್ತಬೇಕು. ಕೆಲಸ ಮುಗಿದ ದಿನ ಪ್ಯಾನೆಲ್ ಪಕ್ಕದಲ್ಲಿ ಮನೆಯವರು ನಿಂತ ಫೋಟೋ ಬೇಕು ಅಂದ ಪ್ರದೀಪ್. ನೋಡಿದರೆ ರಾಜಶೇಖರ್ ಹಸುವಿಗೆ ಹಿಂಡಿ ತರಬೇಕು ಅಂತ ಆಗಲೇ ಸ್ಕೂಟರ್ ತೆಗೆದುಕೊಂಡು ಹಾನುಬಾಳಿಗೆ ಹೋಗಿಬಿಟ್ಟಿದ್ದ. ಶಿವಲೀಲಾ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿ ತಾನೇ ನಿಂತಳು. ಫೋಟೋ ಚೆನ್ನಾಗಿಯೇ ಬಂದಿತ್ತು.

ಜನವರಿಯ ಒಂದು ಬೆಳಿಗ್ಗೆ ಪ್ರದೀಪನ ಪಿಕಪ್ ಮತ್ತೆ ಅವರ ಅಂಗಳದಲ್ಲಿ ಬಂದು ನಿಂತಿತು. ಮಂಜು ಆಗತಾನೆ ಸರಿಯುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಕಣದಲ್ಲಿ ಕಾಫಿ ಹರವುತ್ತಿದ್ದರು.

"ಅಕ್ಕ, ಸಬ್ಸಿಡಿ ಅರ್ಜಿ ವಾಪಸ್ ಬಂದೈತೆ," ಅಂದ ಪ್ರದೀಪ್. "ಫೋಟೋದಲ್ಲಿ ನೀವಿದ್ದೀರಿ, ಮೀಟರ್ ಇರೋದು ಅಣ್ಣನ ಹೆಸರಲ್ಲಿ. ಯಜಮಾನರ ಮುಖ ಕಾಣಬೇಕಂತೆ, ಪ್ಯಾನೆಲ್ಲೂ ಕಾಣಬೇಕಂತೆ. ತಪ್ಪು ನಂದೇ, ಅವತ್ತು ನಾನು ಹೆಸರು ನೋಡಬೇಕಿತ್ತು."

ಶಿವಲೀಲಾ ಕಾಫಿ ಹರವುವ ಗೋರೆಯನ್ನು ಕೆಳಗಿಟ್ಟಳು. ರಾಡ್ ತೆಗೆಯಲು ಆಸ್ಪತ್ರೆಯವರು ದಿನ ಗೊತ್ತು ಮಾಡಿ ಆಗಿತ್ತು.

"ಈಗ ಇನ್ನೊಂದು ಫೋಟೋ ಕಳಿಸಿದ್ರೆ?"

"ಕಳಿಸಿದ್ರೆ ಆಯ್ತು. ಇವತ್ತೇ ಕಳಿಸ್ತೀನಿ, ಅದಕ್ಕೇ ಬಂದಿದ್ದು."

"ಅದಕ್ಕೇನಂತೆ," ಅಂದ ರಾಜಶೇಖರ್. "ಹತ್ತಿ ನಿಂತ್ರೆ ಮುಗೀತಲ್ಲ."

ಇಂಥ ಮಾತು ಆ ಮನೆಯಲ್ಲಿ ಹೊಸದಲ್ಲ. ಮನೆಯ ಹೆಂಚು ಸರಿದರೂ, ಹಲಸಿನಕಾಯಿ ಕೀಳಬೇಕಾದರೂ ಅವನು ನಾನೇ ಹತ್ತುತ್ತೀನಿ ಅನ್ನುತ್ತಿದ್ದ. ಶಿವಲೀಲಾ ಎಲ್ಲಿದ್ದರೂ ಬಂದು ಬೇಡ ಅನ್ನುತ್ತಿದ್ದಳು. ಅವನು ಗೊಣಗುತ್ತ ಬಿಟ್ಟುಬಿಡುತ್ತಿದ್ದ. ಬೇರೆ ಯಾರನ್ನಾದರೂ ಕರೆಸುತ್ತಿದ್ದರು.

ಈ ಸಲ ಅವಳು ಬೇಡ ಅನ್ನಲಿಲ್ಲ. ಮೆಟ್ಟಿಲು, ಏಣಿ ಎಲ್ಲ ಹತ್ತಬಹುದು ಅಂತ ಡಾಕ್ಟರು ಹೋದ ಸಲವೇ ಹೇಳಿದ್ದರು. ಪ್ರದೀಪನಂಥ ಗಟ್ಟಿ ಆಳು ಕೆಳಗೆ ಏಣಿ ಹಿಡಿದುಕೊಳ್ಳುತ್ತಾನೆ. ಒಂದು ನಿಮಿಷದ ಕೆಲಸ, ಅಂತ ಅವಳು ಲೆಕ್ಕ ಹಾಕುತ್ತಿದ್ದಳು.

ರಾಜಶೇಖರ್ ಅವಳ ಮುಖ ನೋಡಿದ. ಅವನು ಇನ್ನೂ ಸ್ವಲ್ಪ ಹೊತ್ತು ನೋಡಿದ.

"ಬರ್ರಿ ಅಣ್ಣ," ಅಂತ ಪ್ರದೀಪ್ ಮನೆಯ ಹಿಂದಕ್ಕೆ ನಡೆದ.

ಏಣಿ ಒರಗಿಸಿದರು. ಪ್ರದೀಪ್ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ರಾಜಶೇಖರ್ ಚಪ್ಪಲಿ ಕಳಚಿಟ್ಟ, ಲುಂಗಿ ಎತ್ತಿ ಕಟ್ಟಿದ, ಆಮೇಲೆ ಅದನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದ. ಮೊದಲ ಮೆಟ್ಟಿಲು ಹತ್ತಿದ. ಎರಡನೆಯದಕ್ಕೆ ಕಾಲಿಟ್ಟ. ಅಲ್ಲಿಗೆ ನಿಂತ.

"ನೋವಾಯ್ತಾ ಅಣ್ಣ?"

"ಇಲ್ಲ."

ಅವನು ಮೇಲೆ ನೋಡಲಿಲ್ಲ, ಕೆಳಗೂ ನೋಡಲಿಲ್ಲ. ಎದುರಿನ ಗೋಡೆಯನ್ನು ನೋಡುತ್ತ ನಿಂತಿದ್ದ. ಪಕ್ಕದಲ್ಲಿದ್ದ ಶಿವಲೀಲಾಗೆ ಏಣಿ ಹಿಡಿದ ಅವನ ಬೆರಳುಗಳು ಕಂಡವು. ಗೆಣ್ಣುಗಳು ಬೆಳ್ಳಗಾಗಿದ್ದವು. ಆ ಚಳಿಯಲ್ಲೂ ಅವನ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು.

ಅವಳಿಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಅವಳು ಮನೆಯಲ್ಲಿ ಇಲ್ಲದಾಗ ಅವನು ಒಮ್ಮೆಯೂ ಏನನ್ನೂ ಹತ್ತಿರಲಿಲ್ಲ. ಮೊದಲ ಫೋಟೋ ತೆಗೆದ ದಿನ ಮನೆಯಲ್ಲಿ ಹಿಂಡಿ ಇನ್ನೂ ಅರ್ಧ ಚೀಲವಿತ್ತು. ತಾನು ಅಡ್ಡ ಬರುತ್ತೇನೆ ಎಂಬ ಧೈರ್ಯದ ಮೇಲೆಯೇ ಇವರು ಇಷ್ಟು ದಿನ ಹತ್ತುತ್ತೀನಿ ಅಂದದ್ದು. ಇವತ್ತು ತಾನು ಅಡ್ಡ ಬರಲಿಲ್ಲ.

"ರೀ, ಇಳೀರಿ," ಅಂದಳು.

"ಇರೇ, ಹತ್ತುತ್ತೀನಿ."

"ಬೇಡ ಇಳೀರಿ. ನನ್ನೆದೆ ಡವಗುಟ್ತಾ ಐತೆ. ನಾನು ನೋಡಲಾರೆ. ದುಡ್ಡು ಬರದಿದ್ರೆ ಹೋಗ್ಲಿ."

ರಾಜಶೇಖರ್ ಇಳಿದ. ಇಳಿಯುವಾಗ ಕಾಲು ನೆಲ ಹುಡುಕಿ ತಡಕಾಡಿತು. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತ, "ನೋಡಪ್ಪ, ಇವಳದು ಇದೇ ಕಾಟ," ಅಂದ. ಅವನ ದನಿ ಸಣ್ಣಗಾಗಿತ್ತು. ಪ್ರದೀಪ್ ನಕ್ಕು ತಲೆ ಕೆರೆದುಕೊಂಡ.

"ಅಕ್ಕ, ನಿಮ್ಮ ಭಯ ಸರಿಯೇ. ಆದ್ರೆ ಅಣ್ಣನ ಫೋಟೋ ಇಲ್ದೆ ಅರ್ಜಿ ಮುಂದಕ್ಕೆ ಹೋಗಲ್ಲ. ಮೀಟರ್ ನಿಮ್ಮ ಹೆಸರಿಗೆ ಮಾಡ್ಸೋದು ಅಂದ್ರೆ ಅದೊಂದು ಓಡಾಟ, ಬೇಸಿಗೆ ಕಳೀತದೆ."

"ಮೇಲೇ ಹತ್ತಬೇಕು ಅಂತ ಹೇಳವ್ರಾ?"

"ಹತ್ತಬೇಕು ಅಂತಿಲ್ಲ. ಒಂದೇ ಫೋಟೋದಲ್ಲಿ ಎರಡೂ ಕಾಣಬೇಕು, ಜಾಗ ಇದೇ ಅಂತ ಫೋನಿನ ಜಿಪಿಎಸ್ ತೋರಿಸಬೇಕು. ಕೆಳಗೆ ನಿಂತ್ರೆ ಪ್ಯಾನೆಲ್ ಕಾಣಲ್ವಲ್ಲ."

ಶಿವಲೀಲಾ ತೋಟದ ಕಡೆ ತಿರುಗಿದಳು. ಹಿಂದಿನ ವಾರವಿಡೀ ಅವಳು ಆ ಏರಿನಲ್ಲಿ ಕಾಫಿ ಕುಯ್ದಿದ್ದಳು. ಸಾಲಿನ ಕೊನೆಗೆ ಬಂದು ಬೆನ್ನು ನೆಟ್ಟಗೆ ಮಾಡಿದಾಗಲೆಲ್ಲ ಪ್ಯಾನೆಲ್ಲಿನ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು.

"ಆ ಅತ್ತಿಮರದ ಹತ್ರ ನಿಂತ್ರೆ ತಾರಸಿ ಕಣ್ಣೆದುರಿಗೇ ಐತೆ," ಅಂದಳು. "ಬಾ ನೋಡು."

ಮೂವರೂ ಮನೆಯ ಪಕ್ಕದ ಕಾಲುದಾರಿ ಹಿಡಿದು ಏರಿದರು. ರಾಜಶೇಖರ್ ಮುಂದೆ ಮುಂದೆ ನಡೆದ. ನೆಲದ ಮೇಲೆ ಅವನ ಕಾಲು ಸಲೀಸಾಗಿತ್ತು. ಅತ್ತಿಮರದ ಹತ್ತಿರ ನೆಲವೂ ತಾರಸಿಯೂ ಹೆಚ್ಚುಕಮ್ಮಿ ಒಂದೇ ಎತ್ತರ. ನಡುವೆ ಮನೆ ಕಟ್ಟುವಾಗ ಮಣ್ಣು ಕಡಿದ ಕಂದಕ. ಆಚೆ, ಕೈ ಚಾಚಿದರೆ ಸಿಗುವಂತೆ ಎಲ್ಲ ಪ್ಯಾನೆಲ್ಲುಗಳೂ ಕಾಣುತ್ತಿದ್ದವು.

ಪ್ರದೀಪ್ ಇಬ್ಬರನ್ನೂ ಒಮ್ಮೆ ನೋಡಿ ಫೋನು ತೆಗೆದ. ಮೊದಲ ಫೋಟೋದಲ್ಲಿ ಬಿಸಿಲು ಎದುರಾಗಿ ರಾಜಶೇಖರನ ಮುಖ ಕಪ್ಪಾಗಿ ಬಂತು. ಎರಡನೆಯದರಲ್ಲಿ ಕಾಫಿಗಿಡದ ರೆಂಬೆಯೊಂದು ಅಡ್ಡ ಬಂತು. ಶಿವಲೀಲಾ ಅದನ್ನು ಬಗ್ಗಿಸಿ ಹಿಡಿದುಕೊಂಡಳು. ಫೋನಿಗೆ ಜಾಗ ಗೊತ್ತಾಗಲು ತಡವಾಯಿತು. ಪ್ರದೀಪ್ ಅದನ್ನು ಎತ್ತಿ ಹಿಡಿದು ಅತ್ತ ಇತ್ತ ಓಡಾಡಿದ. ಕೊನೆಗೆ ಸಿಕ್ಕ ಫೋಟೋದಲ್ಲಿ ಮುಖವೂ ಇತ್ತು, ಪ್ಯಾನೆಲ್ಲೂ ಇತ್ತು.

"ಒಪ್ತಾರಾ?" ಕೇಳಿದಳು ಶಿವಲೀಲಾ.

"ಗೊತ್ತಿಲ್ಲ ಅಕ್ಕ. ಇಂಥದ್ದು ನಾನು ಕಳಿಸಿಲ್ಲ. ನೋಡೋಣ."

ಆಮೇಲಿನ ದಿನಗಳಲ್ಲಿ ರಾಜಶೇಖರ್ ಮಾತು ಕಡಿಮೆ ಮಾಡಿದ. ಬೆಳಿಗ್ಗೆ ಕಾಫಿ ಹರವಿ ಸಂಜೆ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚುತ್ತಿದ್ದ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದ. ದುಡ್ಡು ಸಿಕ್ಕಿಹಾಕಿಕೊಂಡ ಯೋಚನೆ ಇರಬೇಕು ಅಂತ ಶಿವಲೀಲಾ ಅಂದುಕೊಂಡಳು. ಅವಳಿಗೂ ಅದೇ ಯೋಚನೆಯಿತ್ತು. ಆಸ್ಪತ್ರೆಗೆ ಫೋನು ಮಾಡಿ ದಿನ ಮುಂದಕ್ಕೆ ಹಾಕಿಸಬೇಕೇನೋ ಅಂತ ಒಳಗೊಳಗೇ ಹೊಯ್ದಾಡುತ್ತಿದ್ದಳು.

ಒಂದು ಸಂಜೆ ಟಾರ್ಪಾಲಿನ ಒಂದು ತುದಿ ಅವನು ಹಿಡಿದಿದ್ದ, ಇನ್ನೊಂದು ತುದಿ ಅವಳು.

"ಅವತ್ತು ನನಗೆ ಹತ್ತೋಕೆ ಆಗ್ಲಿಲ್ಲ ಕಣೆ," ಅಂದ.

"ಗೊತ್ತು."

"ನೀನು ಬೇಡ ಅಂದಿದ್ದಕ್ಕಲ್ಲ ಇಳಿದಿದ್ದು."

"ಅದೂ ಗೊತ್ತು ರೀ."

ಅವನು ಟಾರ್ಪಾಲಿನ ಅಂಚಿಗೆ ಕಲ್ಲು ಹೇರಿ ಅಲ್ಲೇ ಕಣದ ಕಟ್ಟೆಯ ಮೇಲೆ ಕೂತ. ಅವಳೂ ಬಂದು ಕೂತಳು.

"ಬಿದ್ದಿದ್ದು ಅಷ್ಟು ನೆನಪಿಲ್ಲ ನಂಗೆ," ಅಂದ. "ಬಿದ್ಮೇಲೆ ನಿನ್ನ ಕೂಗಿದ್ದು ನೆನಪೈತೆ. ನೀನು ಒಳಗೆ ಮಿಕ್ಸಿ ಹಾಕಿದ್ದೆ. ಕೂಗ್ತೀನಿ, ಮಿಕ್ಸಿ ತಿರುಗ್ತದೆ. ನಿಲ್ತದೆ, ಮತ್ತೆ ಕೂಗ್ತೀನಿ, ಅಷ್ಟರಲ್ಲಿ ಮತ್ತೆ ಹಾಕ್ತೀಯ. ಆಮೇಲೆ ಕೂಗೋಕೆ ದನಿಯೇ ಬರ್ಲಿಲ್ಲ. ಏಣಿಗೆ ಕಾಲಿಟ್ರೆ ಆ ಶಬ್ದ ಕೇಳಿಸ್ತದೆ."

ಶಿವಲೀಲಾಗೆ ಇದು ತಿಳಿದಿರಲಿಲ್ಲ. ಕರಿಬೇವು ಕೀಳಲು ಹೊರಗೆ ಬಂದಾಗ ಅವನು ಬಿದ್ದಿದ್ದು ಕಂಡಿತ್ತು. ಆಗಷ್ಟೇ ಬಿದ್ದಿರಬೇಕು ಅಂತಲೇ ಅವಳು ಇಷ್ಟು ದಿನ ನಂಬಿದ್ದಳು. ಕಣ್ಣು ತುಂಬಿತು.

"ನನಗೆ ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ ನೀನು ಮನಸ್ಸಿಗೆ ಹಚ್ಕೊಳ್ತೀಯಲ್ಲ. ನೀನೇನು ಬೇಕಂತ ಮಾಡಿದ್ಯಾ? ಚಟ್ನಿ ರುಬ್ತಿದ್ದೆ."

"ಇನ್ಮೇಲೆ ಹತ್ತುತ್ತೀನಿ ಅನ್ಬೇಡಿ. ಬೇಡ ಅಂತ ಓಡಿ ಬರೋದು ನಂಗೂ ಸಾಕಾಗೈತೆ."

ಅವನು ನಕ್ಕ. ತುಂಬ ದಿನದ ಮೇಲೆ ನಕ್ಕಿದ್ದ. ಕತ್ತಲಾಗುವ ತನಕ ಅಲ್ಲೇ ಕೂತಿದ್ದರು. ಹಸು ಕೂಗಿದ ಮೇಲೆ ಎದ್ದರು.

ಆ ವಾರವೇ ಕರೆಂಟ್ ಆಫೀಸಿನಿಂದ ದೇವೇಂದ್ರ ಎಂಬ ಇಂಜಿನಿಯರು ಬಂದರು. ಫೋಟೋ ನೋಡಿ ಜಾಗ ಖಾತ್ರಿ ಮಾಡಿಕೊಳ್ಳಲು ಹೇಳಿದ್ದಾರೆ ಅಂದರು. ಮೀಟರ್ ನೋಡಿದರು, ತಾರಸಿ ಹತ್ತಿ ಪ್ಯಾನೆಲ್ ನೋಡಿ ಇಳಿದರು. ಆಮೇಲೆ ಫೋನಿನಲ್ಲಿದ್ದ ಫೋಟೋ ತೋರಿಸಿ, "ಇದು ಎಲ್ಲಿಂದ ತೆಗೆದಿದ್ದು?" ಅಂದರು.

ಶಿವಲೀಲಾ ಬಾಯಿ ತೆರೆಯುವ ಮೊದಲೇ ರಾಜಶೇಖರ್ ಹೇಳಿದ: "ಆ ಏರಿಂದ ಸಾರ್. ನಾನು ಬಿದ್ದು ಕಾಲು ಮುರ್ಕೊಂಡವನು. ಏಣಿ ಹತ್ತೋಕೆ ಹೆದರಿಕೆ ನಂಗೆ."

ಶಿವಲೀಲಾ ಅವನ ಕಡೆ ನೋಡಲಿಲ್ಲ. ದೇವೇಂದ್ರ ಏರು ಹತ್ತಿ ಅತ್ತಿಮರದ ಹತ್ತಿರ ಹೋದರು, ಫೋಟೋವನ್ನೂ ತಾರಸಿಯನ್ನೂ ಹೋಲಿಸಿ ನೋಡಿದರು.

"ಮುಖ ಕಾಣ್ತದೆ, ಪ್ಯಾನೆಲ್ ಕಾಣ್ತದೆ, ಜಾಗ ಇದೇ," ಅಂದರು. "ಇನ್ನೇನು ಬೇಕು? ಸರಿ ಐತೆ ಅಂತ ಬರೆದು ಕಳಿಸ್ತೀನಿ. ಒಂದು ಲೋಟ ಕಾಫಿ ಕೊಡಿ ಅಮ್ಮ, ಚಳಿ."

ಶಿವಲೀಲಾ ಅಡುಗೆಮನೆಗೆ ಹೋಗಿ ಹಾಲು ಒಲೆಯ ಮೇಲಿಟ್ಟು, ಕಟ್ಟೆಗೆ ಒರಗಿ ನಿಂತಳು. ಹಾಲು ಉಕ್ಕಿ ಚೆಲ್ಲಿದ ಮೇಲೆ ಎಚ್ಚರವಾಯಿತು.

ಸಬ್ಸಿಡಿ ಬಂದದ್ದು ಒಂದು ಮಧ್ಯಾಹ್ನ. ರಾಜಶೇಖರ್ ಫೋನು ಚಾರ್ಜಿಗೆ ಹಾಕಿ ದನಕ್ಕೆ ನೀರು ಕುಡಿಸಲು ಹೋಗಿದ್ದ. ಮೆಸೇಜು ನೋಡಿದ ಶಿವಲೀಲಾ ಮತ್ತೊಮ್ಮೆ ಓದಿ, ಫೋನು ಹಿಡಿದುಕೊಂಡು ಕೊಟ್ಟಿಗೆಗೆ ಹೋದಳು.

"ಬಂತು," ಅಂದಳು.

"ಎಷ್ಟು?"

"ಪೂರ್ತಿ. ಹೇಳಿದ್ದಷ್ಟೂ."

ಅವನು ಬಕೆಟ್ ಕೆಳಗಿಟ್ಟು ಹಸುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತ. "ಪ್ರದೀಪಂಗೆ ಫೋನು ಮಾಡಿ ಹೇಳು," ಅಂದ. "ಪಾಪ, ದಿನಾ ಕೇಳ್ತಿದ್ದ."

ಗೊತ್ತು ಮಾಡಿದ್ದ ದಿನವೇ ಹಾಸನಕ್ಕೆ ಹೋದರು. ಹಸುಗಳನ್ನು ಪಕ್ಕದ ಮನೆಯ ತಾಯಮ್ಮ ನೋಡಿಕೊಳ್ಳುತ್ತೇನೆ ಅಂದಳು. ಬಸ್ಸಿನಲ್ಲಿ ರಾಜಶೇಖರ್ ಕಿಟಕಿ ಪಕ್ಕ ಕೂತು, ಬಾಳ್ಳುಪೇಟೆ ದಾಟುವ ತನಕ ಈ ವರ್ಷದ ರೋಬಸ್ಟಾ ಕಾಫಿಯ ರೇಟಿನ ಬಗ್ಗೆ ಹೇಳುತ್ತಲೇ ಇದ್ದ. ಆಸ್ಪತ್ರೆಯಲ್ಲಿ ದುಡ್ಡು ಕಟ್ಟಿದರು. ಮಾರನೆಯ ಬೆಳಿಗ್ಗೆ ಅವನನ್ನು ಒಳಗೆ ಕರೆದುಕೊಂಡು ಹೋದರು.

ಶಿವಲೀಲಾ ಹೊರಗಿನ ಕುರ್ಚಿಯಲ್ಲಿ ಕೂತಳು. ಮೊದಲ ಆಪರೇಷನ್ನಿನ ದಿನ ಇದೇ ಕಾರಿಡಾರಿನಲ್ಲಿ ಅವಳು ಕೂತಿರಲೇ ಇಲ್ಲ, ಅತ್ತಿಂದಿತ್ತ ನಡೆದಿದ್ದಳು. ಇವತ್ತೂ ಹಾಗೇ ಆಗುತ್ತದೆ ಅಂದುಕೊಂಡು ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದಳು.

ಯಾರೋ ಭುಜ ಮುಟ್ಟಿ ಅಲುಗಿಸಿದರು. ನರ್ಸು.

"ಅಮ್ಮ, ಎದ್ದೇಳಿ. ಎಲ್ಲ ಆಯ್ತು. ರಾಡ್ ತೆಗೆದಾಯ್ತು. ಚೆನ್ನಾಗವ್ರೆ, ನಿಮ್ಮನ್ನ ಕೇಳಿದ್ರು."

ಶಿವಲೀಲಾ ಗಡಬಡಿಸಿ ಎದ್ದಳು. ಬ್ಯಾಗು ನೆಲಕ್ಕೆ ಬಿತ್ತು. ಗಂಡನನ್ನು ಒಳಗೆ ಕಳಿಸಿ ತಾನು ಹೀಗೆ ನಿದ್ದೆ ಹೊಡೆದೆನಲ್ಲ ಅಂತ ನಾಚಿಕೆಯಾಯಿತು. ಗೋಡೆ ಗಡಿಯಾರ ನೋಡಿದಳು. ಎಷ್ಟೋ ಹೊತ್ತು ಮಲಗಿಬಿಟ್ಟಿದ್ದಳು.

"ನೀವೇನೂ ಹೇಳ್ಬೇಡಿ ಅವರಿಗೆ, ನಿದ್ದೆ ಮಾಡ್ತಿದ್ದೆ ಅಂತ," ಅಂದಳು ನರ್ಸಿಗೆ.

"ಆಗ್ಲೇ ಹೇಳಿದೆ ಅಮ್ಮ. ಎಬ್ಬಿಸಬೇಡಿ, ಮಲಗ್ಲಿ ಅಂದ್ರು. ನಾನೇ ಎಬ್ಬಿಸ್ದೆ."

ಶಿವಲೀಲಾ ಬ್ಯಾಗು ಎತ್ತಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.