ಕುಪ್ಪನ ಕೆಂಪು ಟವೆಲು

ಅಂಕೋಲೆಯ ಕಡಲಲ್ಲಿ ಕುಪ್ಪನ ಅಪ್ಪಣೆಯಿಲ್ಲದೆ ಒಂದು ಬಂಗಡೆಯೂ ಬಾಲ ಅಲ್ಲಾಡಿಸುತ್ತಿರಲಿಲ್ಲ. ದಡಕ್ಕೆ ಎಳೆಯುವ ದೊಡ್ಡ ರಂಪಣಿ ಬಲೆಯ ಕಾಲದಲ್ಲಿ ಅವನು ಗುಡ್ಡದ ನೆತ್ತಿಯಲ್ಲಿ ನಿಂತು, ನೀರಿನ ಬಣ್ಣದಲ್ಲೇ ಮೀನಿನ ಹಿಂಡು ಗುರುತಿಸಿ, ಕೆಂಪು ಟವೆಲಿನಿಂದ ದೋಣಿಗಳನ್ನು ಕುಣಿಸುತ್ತಿದ್ದ. ಟವೆಲು ತಲೆಯ ಮೇಲೆ ಗಿರಗಿರ ತಿರುಗಿದರೆ ಮುಂದೆ ಹೋಗಿ. ಕುಕ್ಕರುಗಾಲಲ್ಲಿ ಕೂತು ನೆಲಕ್ಕೆ ಹಾಸಿದರೆ ಇದ್ದಲ್ಲೇ ನಿಲ್ಲಿ. ಎರಡೂ ಕೈಯಲ್ಲಿ ಎದೆಗೆ ಸೆಳೆದುಕೊಂಡರೆ ಎಳೆಯಿರಿ. ಒಮ್ಮೆ ಅವನು ಮೂಗು ಒರೆಸಿಕೊಂಡದ್ದಕ್ಕೆ ದೇವಬಾಗದವರೆಗಿನ ದೋಣಿಗಳೆಲ್ಲ ದಿಕ್ಕು ಬದಲಿಸಿದ್ದವು.

ಟ್ರಾಲರುಗಳು ಬಂದು ರಂಪಣಿ ಮುಗಿಯಿತು. ಆಮೇಲೆ ರೈಲು ಬಂದು ದಾರಿ ಮುಗಿಯಿತು. ಕಡಲಬದಿಯ ಮೀನುಗಾರರ ಕೇರಿಗೂ ಒಳಗಿನ ಊರುಗಳಿಗೂ ನಡುವೆ ಹಳಿ ಬಿತ್ತು. ಗೇಟಿಲ್ಲ, ಕಾಯುವವರಿಲ್ಲ, ಮೇಲ್ಸೇತುವೆ ಕೇಳಿದರೆ ನೋಡೋಣ ಎಂಬ ಉತ್ತರ. ಕುಪ್ಪನ ಹೆಂಡತಿ ನಾಗಿ ಮೀನು ಮಾರಲು ದಿನವೂ ಅಲ್ಲೇ ದಾಟಬೇಕು. ತಲೆಯ ಮೇಲೆ ಬುಟ್ಟಿ ಹೊತ್ತವಳು ಕತ್ತು ಹೊರಳಿಸಲಾರಳು, ಕಾಲಬುಡ ನೋಡಲಾರಳು. ಗುಡ್ಡ ಕೊರೆದ ತಿರುವಿನಲ್ಲಿ ರೈಲು ಕಾಣದು, ಕಡಲಗಾಳಿಗೆ ಕೇಳಿಸದು. ಹಾಗಾಗಿ ಕುಪ್ಪ ಮೊದಲೇ ದಾಟಿ ಆಚೆಯ ದಿಬ್ಬ ಹತ್ತಿ ಟವೆಲು ಬೀಸುತ್ತಿದ್ದ. ಅದನ್ನು ನಂಬಿಯೇ ಅವಳು ಹೆಜ್ಜೆಯಿಡುತ್ತಿದ್ದಳು.

ಅವತ್ತೂ ಟವೆಲು ಗಿರಗಿರ ತಿರುಗಿತು. ನಾಗಿ ಹೊರಟಳು. ಎತ್ತಿನ ಗಾಡಿ ದಾಟಲೆಂದು ಹಳಿಯ ಪಕ್ಕ ಇನ್ನೊಂದು ಕಬ್ಬಿಣದ ಪಟ್ಟಿ ಕೂಡಿಸಿದ್ದರು. ರೈಲಿನ ಗಾಲಿಗೆಂದು ನಡುವೆ ಬಿಟ್ಟ ಸಂದಿನಲ್ಲಿ ಅವಳ ಪಾದ ಇಳಿದು ಕಚ್ಚಿಕೊಂಡಿತು. ಆ ಹೊತ್ತಿಗೇ ತಿರುವಿನಲ್ಲಿ ಎಂಜಿನ್ನಿನ ಮೂತಿ.

ಕುಪ್ಪ ಕೂಗಿದ ಕೂಗಿಗೆ ಕಾರವಾರದ ಕಾಗೆಗಳು ಹಾರಿರಬೇಕು. ನಾಗಿಗೆ ಮಾತ್ರ ಮುಟ್ಟಲಿಲ್ಲ. ಹಳೆಯ ಅಭ್ಯಾಸವೇ ಅವನನ್ನು ಕೆಡವಿತು. ರೈಲಿನತ್ತ ಮುಖ ಮಾಡಿ ಕುಕ್ಕರಿಸಿ ಟವೆಲನ್ನು ನೆಲಕ್ಕೆ ಹಾಸಿದ. ಅರಬ್ಬಿ ಸಮುದ್ರವೇ ನಿಲ್ಲುತ್ತಿದ್ದ ಸನ್ನೆ ಅದು.

ರೈಲು ನಿಲ್ಲಲಿಲ್ಲ. ನಾಗಿ ನಿಂತಳು.

ಕಾಲು ಜಗ್ಗುತ್ತಿದ್ದವಳು ಗಂಡನ ಟವೆಲು ನೆಲದಲ್ಲಿ ಕಂಡು ಜಗ್ಗುವುದನ್ನು ಬಿಟ್ಟು, ಬುಟ್ಟಿಗೆ ಕೈ ಕೊಟ್ಟು, ಕಲ್ಲಿನ ಹಾಗೆ ನಿಂತುಬಿಟ್ಟಳು. ತಾನೇ ಅವಳನ್ನು ಹಳಿಗೆ ಕಟ್ಟಿದೆನೆಂದು ಕುಪ್ಪನಿಗೆ ಹೊಳೆಯಿತು. ಟವೆಲು ಬಾಚಿ, ಅವಳತ್ತ ತಿರುಗಿ, ಎದೆಗೆ ಸೆಳೆದ. ಮತ್ತೆ ಸೆಳೆದ. ಎಳಿ. ಎಳಿ. ನಾಗಿ ಬುಟ್ಟಿ ಎಸೆದು ಹಿಂದಕ್ಕೆ ಬೀಳುವುದು ಕಂಡಿತು. ಅಷ್ಟರಲ್ಲಿ ರೈಲು ಅಡ್ಡ ಬಂತು.

ಅದರ ತಲೆ ಗೋವೆಯಲ್ಲಿದ್ದರೆ ಬಾಲ ಮಂಗಳೂರಿನಲ್ಲಿ. ಮುಗಿಯಲೇ ಇಲ್ಲ. ಉರುಳುವ ಡಬ್ಬಿಗಳ ಎದುರು ಕುಪ್ಪ ಸೆಳೆಯುತ್ತಲೇ ಇದ್ದ, ಟವೆಲು ಪರ್‍ರನೆ ಹರಿಯುವವರೆಗೆ.

ರೈಲು ಹೋದ ಮೇಲೆ ಹಳಿಯ ಮೇಲೆ ಬುಟ್ಟಿಯ ಚೂರು, ಜಜ್ಜಿದ ಬಂಗಡೆ. ಆಚೆ ಜಲ್ಲಿಯಲ್ಲಿ ನಾಗಿ, ಹಿಮ್ಮಡಿಯ ಚರ್ಮ ಸುಲಿದು ಎಲುಬು ಕಾಣುತ್ತಿತ್ತು. ಕುಪ್ಪ ದಿಬ್ಬ ಇಳಿದು ಹಳಿ ದಾಟಿ ಓಡಿಬಂದಾಗ ಉಸಿರಾಡುತ್ತಿದ್ದಳು.

"ನಿಲ್ಲು ಅಂದ್ಯಲ್ಲ ನೀನು," ಎಂದಳು.

"ನಿಂಗಲ್ವೇ. ರೈಲಿಗೆ ಅಂದದ್ದು."

"ರೈಲು ಯಾವತ್ತು ರಂಪಣಿಗೆ ಬಂದಿತ್ತು ಮಾರಾಯ?"

ಕಡಲಿಗೇ ಎದುರುತ್ತರ ಕೊಟ್ಟವನು ಅವಳ ಕಾಲಬುಡದಲ್ಲಿ ಕುಕ್ಕರಿಸಿದ. ಹರಿದ ಟವೆಲಿನ ಅರ್ಧದಿಂದ ಅವಳ ಕಾಲು ಸುತ್ತಿದ. ಮನೆಗೆ ಎತ್ತಿಕೊಂಡು ಹೋಗುತ್ತೇನೆಂದರೆ ಕೇಳದೆ, ಅವಳು ಕೂತಲ್ಲಿಂದಲೇ ಜಜ್ಜಿಹೋಗದ ಮೀನು ಆರಿಸತೊಡಗಿದಳು. ನಾಳೆಯೂ ಬರುತ್ತೀಯಾ ಎಂದು ಕುಪ್ಪ ಕೇಳಿದ. ಬೇರೆ ದಾರಿ ಎಲ್ಲಿದೆ ತೋರಿಸು ಎಂದಳು.

ಕುಪ್ಪ ಉಳಿದ ತುಂಡನ್ನು ಬಿಡಿಸಿ ಹಿಡಿದ. ಗಾಳಿಗೆ ಅದು ಕೈಗೇ ಅಂಟಿಕೊಂಡಿತು.

"ಇಷ್ಟೇ ಅದೆ ನಾಗಿ," ಎಂದ. "ದಿಬ್ಬದ ಮೇಲಿಂದ ಬೀಸಿದ್ರೆ ಕಾಣ್ತದ್ಯಾ ನಿಂಗೆ?"